ಆರು ಹನಿಯ ಅಂತರ

ಹೊಳೆ ಇದ್ದಲ್ಲಿ ಒಂದು ಆಶ್ರಮ ಇರುವುದು ಹೊಸದಲ್ಲ. ಆಶ್ರಮ ಇದ್ದಲ್ಲಿ ಒಂದು ಕಾಲೇಜು ಇರುವುದೂ ಈಗ ಹೊಸದಲ್ಲ. ಅಂಥದೊಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ರುದ್ರಾರಾಧ್ಯ ಮೇಷ್ಟ್ರ ವಿಷಯ ಇದು. ಅವರಿಗಿಂತ ಹೆಚ್ಚಾಗಿ ಅವರ ಶಿಷ್ಯೆ ಮಲ್ಲಾಜಿಯ ವಿಷಯ.

ಮಲ್ಲಾಜಿ ಹದಿನೇಳನೆಯ ವಯಸ್ಸಿಗೆ ಅವರ ಮುಂದೆ ಬೆಂಚಿನಲ್ಲಿ ಕೂತವಳು. ಈಗ ಇಪ್ಪತ್ತಾರು. ಅದೇ ಪ್ರಯೋಗಶಾಲೆಯಲ್ಲಿ ಅವರ ಸಹಾಯಕಿ. ಪಿಪೆಟ್ ಹಿಡಿಯುವುದನ್ನೂ, ಗಾಜು ಒಡೆದಾಗ ಅಳದೆ ಪೊರಕೆ ತರುವುದನ್ನೂ ಕಲಿತದ್ದು ಅವರಿಂದಲೇ. ಮೇಷ್ಟ್ರಿಗೆ ಅರವತ್ತೆಂಟು ದಾಟಿತ್ತು. ಜುಬ್ಬಾದ ಜೇಬಿನಲ್ಲಿ ಸದಾ ಒಂದು ಹಿಡಿ ಹುರಿಗಡಲೆ ಇರುತ್ತಿತ್ತು.

ಆ ವರ್ಷದ ಪ್ರಾಯೋಗಿಕ ಪರೀಕ್ಷೆ ಒಂದು ಶುಕ್ರವಾರ ನಡೆಯಿತು.

ಪರೀಕ್ಷೆ ಏನೂ ಬ್ರಹ್ಮವಿದ್ಯೆಯಲ್ಲ. ಕೆಳಗೆ ಫ್ಲಾಸ್ಕಿನಲ್ಲಿ ಬಣ್ಣ ತೋರಿಸುವ ಸೂಚಕ ಬೆರೆಸಿದ ಆಮ್ಲ, ಮೇಲೆ ಬ್ಯುರೆಟ್ ಎಂಬ ಗೆರೆ ಎಳೆದ ಗಾಜಿನ ಕೊಳವೆಯಲ್ಲಿ ಕ್ಷಾರ. ಹನಿ ಹನಿಯಾಗಿ ಬಿಡುತ್ತ ಹೋಗಬೇಕು. ನೀರಿನಂತಿದ್ದ ಆಮ್ಲಕ್ಕೆ ಎಳೆಗೂಸಿನ ಉಗುರಿನಷ್ಟು ಗುಲಾಬಿ ಬಂದ ಕೂಡಲೇ ನಿಲ್ಲಿಸಿ, ಎಷ್ಟು ಕ್ಷಾರ ಇಳಿಯಿತೆಂದು ಗೆರೆ ಓದಬೇಕು. ಅಷ್ಟೆ.

ಮಕ್ಕಳಿಗೆಲ್ಲ ಕೊಟ್ಟದ್ದು ಒಂದೇ ಜಾಡಿಯ ಆಮ್ಲ. ಬೆಳಿಗ್ಗೆ ಮೇಷ್ಟ್ರು ತಾವೇ ಮಾಡಿ ನೋಡಿದ್ದರು. 9.9 ಮಿಲಿಲೀಟರ್ ಬಂದಿತ್ತು. ಅದೇ ಅಳತೆಗೋಲು. ಗೆರೆಗೆ 0.1ರಂತೆ, ಅದಕ್ಕೆ ಎರಡು ಗೆರೆ ಆಚೀಚೆ ಇದ್ದವರು ಪಾಸು, ಮೂರು ಗೆರೆ ತಪ್ಪಿದವರು ಇಲ್ಲ.

ನಲವತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಂದಿ ಮೂರು ಗೆರೆ ತಪ್ಪಿದ್ದರು.

ಇದರಲ್ಲಿ ಹೋದವರು ವಾರ್ಷಿಕ ಪರೀಕ್ಷೆಗೆ ಕೂರುವಂತಿರಲಿಲ್ಲ. ಒಂದು ವರ್ಷ ಮಣ್ಣುಪಾಲು. ಸೋಮವಾರ ಪಟ್ಟಿ ಹಾಕಬೇಕಿತ್ತು.

"ಈ ಸಲದ ಮಕ್ಕಳಿಗೆ ಆತುರ ಕಣವ್ವ," ಎಂದರು ಮೇಷ್ಟ್ರು. ಅವರಿಗೆ ಸಿಟ್ಟಿರಲಿಲ್ಲ, ಸಂಕಟವಿತ್ತು. "ಬಣ್ಣ ಬರೋಕ್ಕೆ ಮುಂಚೇನೇ ಬಂತು ಬಂತು ಅಂತಾವೆ."

"ಏನು ಮಾಡೋಣ ಮೇಷ್ಟ್ರೇ?"

"ಬೈದರೆ ಬೈದೋನೇ ಕೆಟ್ಟೋನು. ನಿನ್ನ ಗಣಕಪ್ಪನ ಹತ್ರ ಒಂದು ಚಿತ್ರ ಬರೆಸು. ಅವರ ಆತುರ ಅವರ ಕಣ್ಣಿಗೇ ಕಾಣ್ಲಿ. ಅದನ್ನ ಪಟ್ಟಿ ಪಕ್ಕದಲ್ಲಿ ಅಂಟಿಸೋಣ."

ಗಣಕಪ್ಪ ಎಂದರೆ ಮಲ್ಲಾಜಿ ಕಾಲೇಜಿನ ಕಂಪ್ಯೂಟರಿಗೆ ಹಾಕಿಸಿದ್ದ ಅಂಕಿಅಂಶದ ಸಾಫ್ಟ್‌ವೇರ್. ಅಂಕಿಗಳನ್ನು ಸಾಲಾಗಿ ತುಂಬಿ ಕೇಳಿದರೆ ಸರಾಸರಿ ಎಷ್ಟು, ಚದುರಿದ್ದು ಎಷ್ಟು ಎಂದು ಹೇಳಿ, ನಕ್ಷೆಯನ್ನೂ ಬರೆದುಕೊಡುತ್ತಿತ್ತು. ಮೇಷ್ಟ್ರಿಗೆ ಅದರ ಮೇಲೆ ಅಪನಂಬಿಕೆಯೇನೂ ಇರಲಿಲ್ಲ. ಮನೆಯ ಹಿರಿಯ ಅಳಿಯ ಕಿರಿಯ ಅಳಿಯನನ್ನು ಛೇಡಿಸುವ ಹಾಗೆ ಛೇಡಿಸುತ್ತಿದ್ದರು, ಅಷ್ಟೆ.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಮಲ್ಲಾಜಿ ಕೂತಳು. ನಲವತ್ತೆರಡು ರೆಕಾರ್ಡ್ ಪುಸ್ತಕ ತೆರೆದು ಒಂದೊಂದೇ ಅಂಕಿ ತುಂಬಿದಳು. ಹೆಸರು, ಬೆಂಚಿನ ಸಂಖ್ಯೆ, ಬೆಳಗಿನ ತಂಡವೋ ಮಧ್ಯಾಹ್ನದ್ದೋ, ಎಲ್ಲ ಬರೆದಳು. ಒಂದು ಮಗುವಿಗೆ ಒಂದು ಚುಕ್ಕಿ ಇಡು ಎಂದಳು.

ಪರದೆಯ ಮೇಲೆ ಚುಕ್ಕಿಗಳು ಬಂದವು. ಅವಳು ಹುಬ್ಬು ಗಂಟಿಕ್ಕಿದಳು.

ಆತುರವಾಗಿದ್ದರೆ ಚುಕ್ಕಿಗಳು 9.9ರಿಂದ ಕೆಳಕ್ಕೆ ಎಲ್ಲೆಂದರಲ್ಲಿ ಚೆಲ್ಲಿರಬೇಕಿತ್ತು. ಒಬ್ಬನಿಗೆ ಹೆಚ್ಚು ಆತುರ, ಒಬ್ಬಳಿಗೆ ಕಡಿಮೆ, ಇನ್ನೊಬ್ಬನಿಗೆ ವಿಪರೀತ. ಇಲ್ಲಿ ಎರಡೇ ಗುಡ್ಡೆ ಇದ್ದವು. 9.9ರ ಸುತ್ತ ಒಂದು ಚಿಕ್ಕ ಗುಡ್ಡೆ, 9.6ರಲ್ಲೇ ಒಂದು ದೊಡ್ಡ ಗುಡ್ಡೆ. ನಡುವೆ ಖಾಲಿ ಬಯಲು.

ಇಪ್ಪತ್ತೊಂಬತ್ತು ಜನಕ್ಕೂ ಅಳೆದಿಟ್ಟ ಹಾಗೆ ಒಂದೇ ಪ್ರಮಾಣದ ಆತುರ ಹೇಗೆ ಬರುತ್ತದೆ?

ಅವಳು ಬಣ್ಣ ಹಚ್ಚಿ ನೋಡಿದಳು. ಬೆಳಗಿನ ತಂಡಕ್ಕೆ ಒಂದು ಬಣ್ಣ, ಮಧ್ಯಾಹ್ನದ್ದಕ್ಕೆ ಒಂದು. ಎರಡು ಗುಡ್ಡೆಯಲ್ಲೂ ಎರಡು ಬಣ್ಣ ಬೆರೆತೇ ಇದ್ದವು. ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು ಕೊಟ್ಟಳು. ಆಗಲೂ ಬೆರೆತವು. ಕೊನೆಗೆ ಬೆಂಚಿನ ಪ್ರಕಾರ ಹಚ್ಚಿದಳು. ಮುಂದಿನ ಎರಡು ಸಾಲಿನವರಿಗೆ ಕೆಂಪು, ಹಿಂದಿನವರಿಗೆ ನೀಲಿ.

ಚಿಕ್ಕ ಗುಡ್ಡೆ ಪೂರಾ ಕೆಂಪಾಯಿತು. ದೊಡ್ಡದು ಪೂರಾ ನೀಲಿಯಾಯಿತು. ಒಂದು ಚುಕ್ಕಿಯೂ ಆಚೀಚೆ ಇರಲಿಲ್ಲ. ಇದು ಅಕಸ್ಮಾತ್ ಹೀಗಾಗುವ ಸಂಭವ ಹತ್ತು ಸಾವಿರಕ್ಕೆ ಒಂದೂ ಇಲ್ಲ ಎಂದು ಸಾಫ್ಟ್‌ವೇರ್ ಕೆಳಗೆ ಬರೆಯಿತು.

ಮುಂದಿನ ಎರಡು ಸಾಲಿನಲ್ಲಿ ಏನಿದೆ?

ಮೇಷ್ಟ್ರ ಸ್ಟೂಲು ಇದೆ.

ಮಲ್ಲಾಜಿಯ ಕಿವಿಗೆ ಶುಕ್ರವಾರದ ಗದ್ದಲ ಮತ್ತೆ ಬಂತು. ಮುಂದಿನ ಸಾಲಿನ ಮಕ್ಕಳು ಫ್ಲಾಸ್ಕು ಎತ್ತಿ "ಬಂತಾ ಮೇಷ್ಟ್ರೇ?" ಅನ್ನುವುದು. ಮೇಷ್ಟ್ರು ಬಗ್ಗಿ ನೋಡಿ "ಇನ್ನೂ ಇಲ್ಲ, ಇನ್ನೊಂದು ಹನಿ ಬಿಡು" ಅನ್ನುವುದು. ಪರೀಕ್ಷೆಯಲ್ಲಿ ಹಾಗೆ ಹೇಳಬಾರದು. ಆದರೆ ಮಕ್ಕಳು ಬೆವರುವುದನ್ನು ನೋಡಿದರೆ ಅವರ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಹಿಂದಿನ ಸಾಲಿನವರಿಗೆ ಕೇಳಲು ಯಾರೂ ಇರಲಿಲ್ಲ. ಅವರು ತಮ್ಮ ಕಣ್ಣಿಗೆ ಕಂಡಲ್ಲಿ ನಿಲ್ಲಿಸಿದ್ದರು.

ಅವಳು ಎದ್ದು ಪ್ರಯೋಗಶಾಲೆಗೆ ಹೋದಳು. ಜಾಡಿಯಲ್ಲಿ ಉಳಿದ ಆಮ್ಲ ತೆಗೆದು ತಾನೇ ಮಾಡಿದಳು. 9.6. ಮತ್ತೊಮ್ಮೆ ಮಾಡಿದಳು. 9.6. ಮೂರನೆಯ ಸಲವೂ ಅಷ್ಟೇ ಬಂತು.

ಇನ್ನೊಂದು ವಿಷಯವೂ ನೆನಪಾಯಿತು. ಶುಕ್ರವಾರ ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಅವಳೂ ಒಮ್ಮೆ ಮಾಡಿದ್ದಳು. 9.6ಕ್ಕೆ ನಿಲ್ಲಿಸಿದ್ದಳು. ಮೇಷ್ಟ್ರು ನೋಡಿ "ಇನ್ನೂ ಇಲ್ಲವ್ವ" ಎಂದಿದ್ದರು. ಅವಳು ಮತ್ತೆ ಆರು ಹನಿ ಬಿಟ್ಟಿದ್ದಳು. ಫ್ಲಾಸ್ಕು ಎಲೆಅಡಿಕೆ ಹಾಕಿದ ಬಾಯಿಯಂತೆ ಕೆಂಪಾಗಿತ್ತು. ಆದರೂ ನನ್ನ ಕಣ್ಣೇ ಏನೋ ಎಡವಟ್ಟು ಎಂದುಕೊಂಡು 9.9 ಎಂದು ಬರೆದಿದ್ದಳು.

ಮೂರು ತಿಂಗಳಿಂದ ಮೇಷ್ಟ್ರು ಈ ಕೋಣೆಗೆ ಬೆಳಕು ಸಾಲದು ಎಂದು ಗೊಣಗುತ್ತಿದ್ದರು. ಎರಡು ಟ್ಯೂಬ್‌ಲೈಟ್ ಹೆಚ್ಚಿಗೆ ಹಾಕಿಸಿದ್ದರೂ ಗೊಣಗು ನಿಂತಿರಲಿಲ್ಲ.

ಮಲ್ಲಾಜಿ ಕತ್ತೆತ್ತಿ ಆ ಟ್ಯೂಬ್‌ಲೈಟುಗಳನ್ನು ನೋಡಿದಳು. ಮೇಷ್ಟ್ರ ಕಣ್ಣಿಗೆ ಪೊರೆ ಬಂದಿದೆ. ಇದು ಹೊರಗೆ ಗೊತ್ತಾದರೆ ವಯಸ್ಸಾಯಿತು, ಮನೆಯಲ್ಲಿರಿ ಅನ್ನುತ್ತಾರೆ. ಪ್ರಯೋಗಶಾಲೆ ಬಿಟ್ಟರೆ ಈ ಮನುಷ್ಯ ಏನಾಗುತ್ತಾರೆ? ಗೊತ್ತಾಗದಿದ್ದರೆ ಇಪ್ಪತ್ತೊಂಬತ್ತು ಮಕ್ಕಳ ಒಂದು ವರ್ಷ ಹೋಗುತ್ತದೆ. ಆ ಮಕ್ಕಳ ತಪ್ಪು ಏನೂ ಇರಲಿಲ್ಲ.

ಅವಳು ಮತ್ತೆ ಕಂಪ್ಯೂಟರಿನ ಮುಂದೆ ಬಂದು ಕೂತಳು. ಆಮೇಲೆ ಒಂದು ಹೊಸ ಕಾಲಂ ಮಾಡಿದಳು. ಅದಕ್ಕೆ 'ತಿದ್ದುಪಡಿ' ಎಂದು ಹೆಸರಿಟ್ಟಳು. ನೀಲಿ ಚುಕ್ಕಿಗಳಿಗೆಲ್ಲ ಮೂರು ಗೆರೆ ಕೂಡಿಸು ಎಂದಳು.

ದೊಡ್ಡ ಗುಡ್ಡೆ ಸರಿದು ಬಂದು ಚಿಕ್ಕ ಗುಡ್ಡೆಯೊಳಗೆ ಕೂತಿತು. ಈಗ 9.9ಕ್ಕೆ ಒಂದೇ ಗುಡ್ಡೆ. ನಲವತ್ತೆರಡೂ ಮಕ್ಕಳು ಪಾಸು. ಮೇಷ್ಟ್ರ ಮಾತು ಮಾತಾಗಿಯೇ ಉಳಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ.

ಪಾಪ, ಅವಳಿಗೆ ಆ ಹೊತ್ತಿನಲ್ಲಿ ಅದು ಸುಳ್ಳು ಅನಿಸಲೇ ಇಲ್ಲ.

ಸಂಜೆ ಮೇಷ್ಟ್ರು ಹೊಳೆಯ ಮೆಟ್ಟಿಲ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಮಲ್ಲಾಜಿ ಹಾಳೆ ಕೊಟ್ಟಳು. ಅವರು ಅದನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ನೀನೇ ಹೇಳು. ಚುಕ್ಕಿ ಬಹಳ ಸಣ್ಣದಾಗಿ ಇಟ್ಟಿದ್ದೀಯ."

"ಎಲ್ಲರೂ ಪಾಸ್ ಮೇಷ್ಟ್ರೇ."

"ನಾನೇ ನನ್ನ ಕೈಯಾರೆ ಇಪ್ಪತ್ತೊಂಬತ್ತು ಜನಕ್ಕೆ ಸೊನ್ನೆ ಸುತ್ತಿದ್ದೆನಲ್ಲ?"

"ಹಿಂದಿನ ಸಾಲಿನ ಬ್ಯುರೆಟ್ಟುಗಳಲ್ಲಿ ದೋಷ ಇತ್ತು. ಮೂರು ಗೆರೆ ಕಮ್ಮಿ ತೋರಿಸ್ತಿದ್ವು. ಸಾಫ್ಟ್‌ವೇರಲ್ಲಿ ತಿದ್ದುಪಡಿ ಮಾಡಿದೆ."

ಮೇಷ್ಟ್ರು ಹಾಳೆ ಮಡಿಸಿ ಪಕ್ಕಕ್ಕಿಟ್ಟರು. ಜೇಬಿನಿಂದ ನಾಲ್ಕು ಹುರಿಗಡಲೆ ತೆಗೆದು ಎರಡು ತಾವು ಬಾಯಿಗೆ ಹಾಕಿಕೊಂಡು ಎರಡು ಅವಳಿಗೆ ಕೊಟ್ಟರು.

"ಅಷ್ಟೂ ಬ್ಯುರೆಟ್ಟಿಗೆ ಒಂದೇ ದೋಷಾನಾ?"

"ಹೂಂ."

"ಒಂದೇ ತಾಯಿ ಮಕ್ಕಳು ಅಂತ ಕಾಣುತ್ತೆ," ಎಂದರು ಮೇಷ್ಟ್ರು. "ನಾಳೆ ಬೆಳಿಗ್ಗೆ ಅದರಲ್ಲಿ ಒಂದನ್ನ ತೊಳೆದು ನಿಲ್ಲಿಸು. ನೋಡೋಣ."

ಮಲ್ಲಾಜಿ ಬೇಡ ಅನ್ನುವ ಹಾಗಿರಲಿಲ್ಲ. ಹುರಿಗಡಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಎದ್ದಳು.

ಭಾನುವಾರ ಬೆಳಿಗ್ಗೆ ಪ್ರಯೋಗಶಾಲೆಯಲ್ಲಿ ಅವರಿಬ್ಬರೇ ಇದ್ದರು. ಕಿಟಕಿಗಳೆಲ್ಲ ತೆರೆದಿದ್ದವು. ಹಿಂದಿನ ಸಾಲಿನ ಒಂದು ಬ್ಯುರೆಟ್ಟು ಸ್ಟ್ಯಾಂಡಿನಲ್ಲಿ ನಿಂತಿತ್ತು. ಕೆಳಗೆ ಬಿಳಿಯ ಟೈಲಿನ ಮೇಲೆ ಫ್ಲಾಸ್ಕು.

"ನಾನು ಬಿಡ್ತೀನಿ," ಎಂದರು ಮೇಷ್ಟ್ರು. "ಬಣ್ಣ ಬಂದಾಗ ನೀನು ಸಾಕು ಅನ್ನು."

ಬಣ್ಣ ಬಂದಾಗ ಸಾಕು ಅಂದರೆ ಬ್ಯುರೆಟ್ಟು 9.6 ತೋರಿಸುತ್ತದೆ. ಹಿಂದಿನ ಸಾಲಿನ ಮಕ್ಕಳ ಬ್ಯುರೆಟ್ಟು, ಹಿಂದಿನ ಸಾಲಿನ ಮಕ್ಕಳ ಅಂಕಿ. ಆಗ ಇದು ದೋಷದ ಬ್ಯುರೆಟ್ಟು ಎಂದು ಸಾಧಿಸಬಹುದು. ಆಮೇಲೆ ಮೇಷ್ಟ್ರು ಇದರಲ್ಲೇ ಒಮ್ಮೆ ಒಬ್ಬರೇ ಮಾಡಿದರೆ? 9.9 ಬರುತ್ತದೆ. ಎಲ್ಲ ಬಯಲಾಗುತ್ತದೆ. ಸುಮ್ಮನಿದ್ದರೆ? ಆಗಲೂ 9.9 ಬರುತ್ತದೆ, ಬ್ಯುರೆಟ್ಟು ಸರಿ ಇದೆ ಎಂದಾಗುತ್ತದೆ. ಯಾವ ಕಡೆ ತಿರುಗಿದರೂ ಗೋಡೆ.

ಮೇಷ್ಟ್ರು ನಲ್ಲಿ ತಿರುಗಿಸಿದರು. ಎಡಗೈಯಲ್ಲಿ ನಲ್ಲಿ, ಬಲಗೈಯಲ್ಲಿ ಫ್ಲಾಸ್ಕು. ಐವತ್ತು ವರ್ಷ ಪಳಗಿದ ಕೈ. ಫ್ಲಾಸ್ಕನ್ನು ತೊಟ್ಟಿಲು ತೂಗುವ ಹಾಗೆ ತೂಗುತ್ತಿದ್ದರು. ಮಲ್ಲಾಜಿಗೆ ಆ ಕೈಗಳನ್ನು ನೋಡಿ ಪ್ರೀತಿ ಉಕ್ಕಿ ಬಂತು.

ಹನಿ ಬಿತ್ತು. ಗುಲಾಬಿ ಮೂಡಿತು, ಮಾಯವಾಯಿತು. ಇನ್ನೊಂದು ಬಿತ್ತು. ಮೂಡಿತು, ಮಾಯವಾಯಿತು.

ಮತ್ತೊಂದು ಬಿತ್ತು. ಮೂಡಿತು, ನಿಂತಿತು.

ಮಲ್ಲಾಜಿ ಏನೂ ಹೇಳಲಿಲ್ಲ.

ಒಂದು ಹನಿ. ಎರಡು. ಮೂರು. ಫ್ಲಾಸ್ಕು ಕೆಂಪೇರುತ್ತಿತ್ತು. ನಾಲ್ಕು. ಅವಳು ತುಟಿ ಕಚ್ಚಿದಳು. ಐದು. ಆರು.

"ಸಾಕು," ಎಂದರು ಮೇಷ್ಟ್ರೇ. ನಲ್ಲಿ ಮುಚ್ಚಿದರು. "ಈಗ ನನಗೆ ಕಾಣ್ತು. ಎಷ್ಟಿದೆ ಓದು."

"ಒಂಬತ್ತು ಪಾಯಿಂಟ್ ಒಂಬತ್ತು."

"ಹಾಗಾದ್ರೆ ಬ್ಯುರೆಟ್ಟಿಗೆ ದೋಷ ಇಲ್ಲ."

"ಇಲ್ಲ ಮೇಷ್ಟ್ರೇ."

"ನಿನ್ನ ಉಸಿರು ನಿಂತು ಆರು ಹನಿ ಆಯ್ತು ಕಣವ್ವ. ಕಣ್ಣಿಗೆ ಏನೋ ಆಗಿರಬಹುದು. ಕಿವಿ ಚೆನ್ನಾಗಿದೆ."

ಮಲ್ಲಾಜಿ ಬೆಂಚಿನ ಅಂಚು ಹಿಡಿದುಕೊಂಡು ಅಳತೊಡಗಿದಳು.

"ಸ್ವಲ್ಪ ಆ ಕಡೆ ನಿಂತು ಅಳು," ಎಂದರು ಮೇಷ್ಟ್ರು. "ಫ್ಲಾಸ್ಕಿಗೆ ಬಿದ್ದರೆ ಲೆಕ್ಕ ಕೆಡುತ್ತೆ."

ಅಳುವಿನ ನಡುವೆ ಅವಳಿಗೆ ನಗು ಬಂದು ಕೆಮ್ಮು ಬಂತು. ಮೇಷ್ಟ್ರು ಸ್ಟೂಲು ಎಳೆದುಕೊಂಡು ಕೂತು ಅದು ಮುಗಿಯಲಿ ಎಂದು ಕಾದರು. ಆಮೇಲೆ ಅವಳು ಎಲ್ಲ ಹೇಳಿದಳು. ಎರಡು ಗುಡ್ಡೆ, ಕೆಂಪು ನೀಲಿ, ತಿದ್ದುಪಡಿಯ ಕಾಲಂ, ಶುಕ್ರವಾರ ಬೆಳಿಗ್ಗೆ ತಾನು ಬರೆದ 9.9, ಒಂದನ್ನೂ ಮುಚ್ಚಲಿಲ್ಲ.

"ಯಾರಿಗೂ ಗೊತ್ತಾಗಬಾರದು ಅಂತ ಮಾಡಿದೆ. ನಿಮ್ಮನ್ನ ಲ್ಯಾಬ್ ಬಿಡಿಸ್ತಾರೆ ಅಂತ ಭಯ ಆಯ್ತು."

"ನನ್ನ ಮೇಲೆ ಪ್ರೀತಿ ನಿನಗೆ."

"ಹೌದು."

"ನನಗೂ ನಿನ್ನ ಮೇಲೆ ಇದೆ. ಹೆತ್ತ ಮಗಳ ಮೇಲೆ ಇರೋ ಅಷ್ಟೇ ಇದೆ. ಅದಕ್ಕೇ ಕೇಳ್ತೀನಿ. ಇಪ್ಪತ್ತೊಂಬತ್ತು ಮಕ್ಕಳ ಕಣ್ಣು ನೆಟ್ಟಗಿತ್ತು. ನನ್ನೊಬ್ಬನ ಪೊರೆ ಮುಚ್ಚೋಕೆ ಅಷ್ಟು ಜನದ ಕಣ್ಣಿಗೂ ಪೊರೆ ಬರಿಸಿದೆಯಲ್ಲ, ಅವರು ನಿನಗೆ ಏನು ಮಾಡಿದ್ರು?"

ಮಲ್ಲಾಜಿ ತಲೆ ತಗ್ಗಿಸಿದಳು. ಮೇಷ್ಟ್ರು ಉತ್ತರಕ್ಕೆ ಕಾಯದೆ ಮುಂದುವರಿದರು.

"ಆ ಕಾಲಂ ಅಳಿಸು. ಮೊದಲು ಬಂದ ಚಿತ್ರಾನೇ ಹಾಕು. ನನ್ನ ಚುಕ್ಕೀನೂ ಇಡು."

"ಯಾವ ಬಣ್ಣ ಇಡ್ಲಿ ಮೇಷ್ಟ್ರೇ?"

"ಕಪ್ಪು. ದೊಡ್ಡದಾಗಿ ಇಡು, ನನಗೂ ಕಾಣ್ಲಿ."

"ನಂದು?"

"ನಿಂದೂ ಇಡು. ಕೆಂಪು ಗುಡ್ಡೆಯಲ್ಲಿ, ನೀನು ಎಲ್ಲಿ ನಿಂತಿದ್ದೆಯೋ ಅಲ್ಲಿ."

ಸೋಮವಾರ ಬೆಳಿಗ್ಗೆ ನಕ್ಷೆ ನೋಟಿಸ್ ಬೋರ್ಡಿಗೆ ಏರಿತು. ಮಕ್ಕಳು ಮುತ್ತಿಕೊಂಡರು. ಮೇಷ್ಟ್ರು ಪಕ್ಕದಲ್ಲೇ ನಿಂತು, ಕಪ್ಪು ಚುಕ್ಕಿಯ ಮೇಲೆ ಬೆರಳಿಟ್ಟು, "ಇದು ನಾನು" ಎಂದರು. ನೀಲಿ ಮಕ್ಕಳೆಲ್ಲ ಪಾಸು ಎಂದರು. ಕೆಂಪು ಹದಿಮೂರು ಜನ ನಾಳೆ ಮತ್ತೆ ಮಾಡಬೇಕು, ಅವರಿಗೆ ತಪ್ಪು ಹೇಳಿಕೊಟ್ಟವನು ನಾನು, ಅದಕ್ಕೆ ಕ್ಷಮೆ ಇರಲಿ ಎಂದರು. ಹಿಂದಿನ ಬೆಂಚಿನವನೊಬ್ಬ ತನ್ನ ಬದುಕಿನಲ್ಲಿ ಮೊದಲ ಸಲ ಮುಂದಿನ ಬೆಂಚಿನವರನ್ನು ಕನಿಕರದಿಂದ ನೋಡಿದ.

ಆಶ್ರಮದ ಸ್ವಾಮೀಜಿಗೂ ಮೇಷ್ಟ್ರೇ ಹೋಗಿ ಹೇಳಿದರು. ಮಲ್ಲಾಜಿ ಬಾಗಿಲಲ್ಲಿ ಉಗುರು ಕಡಿಯುತ್ತ ನಿಂತಿದ್ದಳು. ಸ್ವಾಮೀಜಿ ಕೇಳಿಸಿಕೊಂಡು, "ಪೊರೆ ತೆಗೆಯೋದು ಈಗ ಅರ್ಧ ಗಂಟೆ ಕೆಲಸ ಮೇಷ್ಟ್ರೇ, ಬುಧವಾರ ಆಸ್ಪತ್ರೆಗೆ ಜೀಪು ಹೋಗುತ್ತೆ, ಹತ್ತಿಕೊಳ್ಳಿ" ಎಂದರು. ಅಷ್ಟಕ್ಕೇ ಮುಗಿಯಿತು. ಅವಳು ಎರಡು ದಿನ ಹೊತ್ತಿದ್ದ ಭಯಕ್ಕೆ ಅಲ್ಲಿ ಯಾರೂ ಕುರ್ಚಿ ಕೂಡ ಕೊಡಲಿಲ್ಲ.

"ಒಂದು ತಿಂಗಳು ನಾನು ಇರಲ್ಲ," ಎಂದರು ಮೇಷ್ಟ್ರು ಹೊರಗೆ ಬಂದು. "ಇನ್ನು ಅಳತೆಗೋಲು ನಿಂದು. ನಾಳೆ ಹದಿಮೂರು ಮಕ್ಕಳಿಗೂ ನಿನ್ನ ಅಂಕೀನೇ ಆಧಾರ."

"ನಂದಾ ಮೇಷ್ಟ್ರೇ?"

"ಇನ್ನು ಯಾರದು? ಗಣಕಪ್ಪನಿಗೆ ಬ್ಯುರೆಟ್ ಹಿಡಿಯೋಕೆ ಕೈಯಿಲ್ಲ."

ಮಂಗಳವಾರ ಹೊಸ ಜಾಡಿ ತುಂಬಿದರು. ಹದಿಮೂರು ಮಕ್ಕಳು ಗೋಡೆಗೆ ಒರಗಿ ಕಾಯುತ್ತಿದ್ದರು. ಮೊದಲು ಮಲ್ಲಾಜಿ ಮಾಡಿ ಅಂಕಿ ಬರೆದು ಮುಚ್ಚಿಡಬೇಕು, ಆಮೇಲೆ ಅವರ ಸರದಿ. ಅವಳು ತಪ್ಪಿದರೆ ಮತ್ತೆ ಹದಿಮೂರು ಜನ ಹೋಗುತ್ತಾರೆ. ಈ ಸಲ ತಪ್ಪನ್ನು ತೋರಿಸಿಕೊಡಲು ಹಿಂದಿನ ಸಾಲಿನ ಮಕ್ಕಳೂ ಇರಲಿಲ್ಲ.

ಮೇಷ್ಟ್ರು ಸ್ಟೂಲಿನ ಮೇಲೆ ಕೂತಿದ್ದರು.

ಅವಳು ನಲ್ಲಿ ತಿರುಗಿಸಿದಳು. ಹನಿ ಬಿತ್ತು. ಬಣ್ಣ ಮೂಡಿ ಮಾಯವಾಯಿತು. ಮತ್ತೆ ಬಿತ್ತು. ಮಕ್ಕಳು ಪಿಸುಗುಟ್ಟುವುದು ನಿಂತಿತು.

ಇನ್ನೊಂದು ಹನಿ ಬಿತ್ತು. ಹೌದೋ ಅಲ್ಲವೋ ಅನ್ನುವಂತೆ ಗುಲಾಬಿಯ ನೆರಳೊಂದು ಎದ್ದಿತು.

ಒಂಬತ್ತು ವರ್ಷದ ಅಭ್ಯಾಸ. ಮಲ್ಲಾಜಿ ಕತ್ತೆತ್ತಿ ಮೇಷ್ಟ್ರ ಕಡೆ ನೋಡಿದಳು.

"ಬಂತಾ ಮೇಷ್ಟ್ರೇ?"

ಮೇಷ್ಟ್ರು ಅವಳನ್ನೇ ನೋಡಿ ನಕ್ಕರು.

"ಬಣ್ಣ ನನ್ನ ಮುಖಕ್ಕೆ ಬರಲ್ಲ ಕಣವ್ವ. ಕೆಳಗೆ ನೋಡು."